ಹಿಮದ ಮೇಲೆ ನಡೆಯಹೊರಟ ಕರಾವಳಿಯ ಹೆಣ್ಣುಮಕ್ಕಳಿಗೆ: ಉಡುಪು ಮತ್ತು ಸಲಕರಣೆಗಳ ಸಮಗ್ರ ಮಾರ್ಗದರ್ಶಿ

ಮಂಗಳೂರಿನಲ್ಲಿ ಡಿಸೆಂಬರ್ ತಿಂಗಳ ಮುಂಜಾವಿನಲ್ಲಿಯೂ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಉತ್ತರಾಖಂಡದ ಕೇದಾರಕಂಠ, ಬ್ರಹ್ಮತಾಲ್, ದಯಾರಾ ಬುಗ್ಯಾಲ್‌ಗಳಂತಹ ಚಾರಣಗಳಲ್ಲಿ ಅದೇ ತಿಂಗಳ ರಾತ್ರಿ ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿಳಿಯುವುದು ಅಪರೂಪವೇನಲ್ಲ. ಈ ಅಂತರವನ್ನು ನೆನೆದು ಹೆದರಿದವರು ಅಂಗಡಿಗೆ ಹೋಗಿ ಅತ್ಯಂತ ದಪ್ಪನೆಯ ಜಾಕೆಟನ್ನು ಕೇಳುತ್ತಾರೆ. ಹಣದ ಬಹುಭಾಗ ಅಲ್ಲಿಯೇ ಮುಗಿದು, ಕಾಲಿಗೂ ಕೈಗೂ ಉಳಿದದ್ದರಲ್ಲಿ ಏನಾದರೊಂದನ್ನು ಕೊಳ್ಳುತ್ತಾರೆ. ಆದರೆ ಮಂಡಿಯುದ್ದದ ಹಿಮದಲ್ಲಿ ಏರುದಾರಿ ನಡೆಯುವವರಿಗೆ ಮೊದಲು ಎದುರಾಗುವುದು ಸೆಕೆ, ಅದರ ಹಿಂದೆ ಬೆವರು, ನಿಂತ ಕೂಡಲೇ ಚಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ಬೆವರಿನಲ್ಲಿ ನೆನೆದ ಬಟ್ಟೆ ಎಷ್ಟು ದಪ್ಪವಿದ್ದರೂ ಮೈಯ ಬಿಸಿಯನ್ನು ಉಳಿಸಲಾರದು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪ್ರತಿ ವಸ್ತುವಿಗೂ ಎರಡೇ ಪ್ರಶ್ನೆಗಳನ್ನು ಕೇಳಲಾಗಿದೆ: ಇದು ನನ್ನನ್ನು ಒಣಗಿಸಿಡುತ್ತದೆಯೇ? ಇದು ಹೆಣ್ಣಿನ ಮೈಯ ಅಳತೆಗೆ ಕೂರುತ್ತದೆಯೇ?

ಮೊದಲ ಹೆಜ್ಜೆ: ಯಾವ ಹಿಮ ಎಂಬುದನ್ನು ತಿಳಿದುಕೊಳ್ಳಿ

ಸ್ನೋಶೂ ಎಂಬುದು ಬೂಟಿನ ಅಡಿಗೆ ಕಟ್ಟಿಕೊಳ್ಳುವ ಅಗಲವಾದ ಚೌಕಟ್ಟು. ಅದು ನಮ್ಮ ಭಾರವನ್ನು ಹೆಚ್ಚು ಜಾಗಕ್ಕೆ ಹಂಚುವುದರಿಂದ ಕಾಲು ಹೂತುಹೋಗುವುದಿಲ್ಲ. ಹೊಸದಾಗಿ ಬಿದ್ದ, ಯಾರೂ ತುಳಿಯದ, ಮೀನಖಂಡದವರೆಗೆ ಕಾಲು ಹೂಳುವ ಹಿಮಕ್ಕೆ ಮಾತ್ರ ಅದು ಬೇಕು. ನಮ್ಮಲ್ಲಿಂದ ಹೆಚ್ಚಿನವರು ಹೋಗುವ ಕೇದಾರಕಂಠದಂತಹ ದಾರಿಯಲ್ಲಿ ದಿನವೂ ನೂರಾರು ಜನ ನಡೆದು ಹಿಮ ಗಟ್ಟಿಯಾಗಿರುತ್ತದೆ. ಅಲ್ಲಿ ಬೇಕಾಗುವುದು ಬೂಟಿಗೆ ರಬ್ಬರಿನಿಂದ ಹಿಡಿದು ನಿಲ್ಲುವ, ಉಕ್ಕಿನ ಮುಳ್ಳುಗಳಿರುವ ಮೈಕ್ರೋಸ್ಪೈಕ್ ಮತ್ತು ಹಿಮ ಬೂಟಿನೊಳಗೆ ನುಗ್ಗದಂತೆ ಮೊಣಕಾಲಿನ ಕೆಳಗಿನವರೆಗೆ ಸುತ್ತಿಕೊಳ್ಳುವ ಗೇಟರ್. ಇವೆರಡನ್ನೂ ಚಾರಣ ನಡೆಸುವ ಸಂಸ್ಥೆಗಳು ಸಾಮಾನ್ಯವಾಗಿ ತಾವೇ ಒದಗಿಸುತ್ತವೆ. ಗುಲ್ಮಾರ್ಗ್‌ನ ಕಾಡಿನ ಒಳಭಾಗದಲ್ಲಿಯೋ ಲಾಹೌಲ್‌ನ ಹಳ್ಳಿಗಳ ಸುತ್ತಮುತ್ತಲೋ ತುಳಿಯದ ಹಿಮದಲ್ಲಿ ನಡೆಯುವ ಯೋಜನೆ ಇದ್ದರೆ ಸ್ನೋಶೂ ಅನಿವಾರ್ಯ. ಸಂಘಟಕರನ್ನು ಕೇಳಿ ಇದನ್ನು ಖಚಿತಪಡಿಸಿಕೊಳ್ಳುವವರೆಗೆ ಏನನ್ನೂ ಕೊಳ್ಳಬೇಡಿ.

ಎರಡನೆಯ ಹೆಜ್ಜೆ: ಮೈಗೆ ತಾಗುವ ಬಟ್ಟೆ

ಹತ್ತಿ ನಮ್ಮ ಊರಿನ ಸೆಕೆಗೆ ಎಷ್ಟು ಹಿತವೋ ಹಿಮಕ್ಕೆ ಅಷ್ಟೇ ಅಪಾಯಕಾರಿ. ಅದು ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒಣಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ನಡೆಯುವಾಗ ಧರಿಸುವ ಬನಿಯನ್, ಲೆಗ್ಗಿಂಗ್ಸ್, ಒಳಉಡುಪು, ಕಾಲುಚೀಲ ಯಾವುದರಲ್ಲಿಯೂ ಹತ್ತಿ ಇರಬಾರದು. ಹತ್ತಿ ಮತ್ತು ಲೈಕ್ರಾ ಬೆರೆಸಿದ ಲೆಗ್ಗಿಂಗ್ಸನ್ನು ಥರ್ಮಲ್ ಎಂದು ಮಾರುವುದುಂಟಾದ್ದರಿಂದ ಒಳಬದಿಯ ಪಟ್ಟಿಯನ್ನು ಓದಿಯೇ ಕೊಳ್ಳಿ. ಮೆರಿನೋ ಉಣ್ಣೆ ಅತ್ಯುತ್ತಮ: ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತದೆ, ನಾಲ್ಕೈದು ದಿನ ಒಂದನ್ನೇ ಧರಿಸಿದರೂ ಅಷ್ಟಾಗಿ ವಾಸನೆ ಬರುವುದಿಲ್ಲ. ಬೆಲೆ ಹೆಚ್ಚೆನಿಸಿದರೆ ಪಾಲಿಯೆಸ್ಟರ್ ಥರ್ಮಲ್ ಸಾಕು. ಅದು ಇನ್ನೂ ಬೇಗ ಒಣಗುತ್ತದೆ. ನಡೆಯಲು ಒಂದು ಜೊತೆ, ಮಲಗಲು ಒಂದು ಜೊತೆ ಇರಲಿ, ಮಲಗುವ ಜೊತೆಯನ್ನು ಯಾವ ಕಾರಣಕ್ಕೂ ಹಗಲಿನಲ್ಲಿ ಹಾಕಿಕೊಳ್ಳಬೇಡಿ.

ಪುರುಷರು ಬರೆದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣಿಸದ ವಸ್ತುವೆಂದರೆ ಬ್ರಾ. ಮೈಮೇಲಿನ ಎಲ್ಲ ಬಟ್ಟೆಗಳ ಪೈಕಿ ಬಹುತೇಕ ಕಡೆಗೆ ಒಣಗುವುದು ಅದೇ, ಮತ್ತು ಅದು ಎದೆಗೆ ಅಂಟಿಕೊಂಡೇ ಇರುತ್ತದೆ. ದಪ್ಪ ಸ್ಪಂಜಿನ ಕಪ್ಪುಗಳಿರುವ ಸ್ಪೋರ್ಟ್ಸ್ ಬ್ರಾ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆನ್ನಿನ ಮೇಲೆ ಕೊಕ್ಕೆ ಅಥವಾ ಭುಜದ ಮೇಲೆ ಪ್ಲಾಸ್ಟಿಕ್ ಬಳೆ ಇರುವಂಥದ್ದು ಬೆನ್ನುಚೀಲದ ಪಟ್ಟಿಯ ಅಡಿಯಲ್ಲಿ ಒತ್ತಿ ಗಾಯ ಮಾಡುತ್ತದೆ. ತೆಳುವಾದ, ಕೊಕ್ಕೆಯಿಲ್ಲದ, ಪಾಲಿಯೆಸ್ಟರ್ ಅಥವಾ ಉಣ್ಣೆಯ ಎರಡು ಬ್ರಾಗಳನ್ನು ಒಯ್ದು, ಶಿಬಿರ ತಲುಪಿದ ಕೂಡಲೇ, ಮೈಯ ಬಿಸಿ ಆರುವ ಮೊದಲೇ, ಬದಲಿಸಿಕೊಳ್ಳಿ.

ದುಪಟ್ಟಾವನ್ನು ಮನೆಯಲ್ಲಿಯೇ ಬಿಡಿ. ಅದು ಸ್ನೋಶೂವಿನ ಪಟ್ಟಿಗೂ ಊರುಗೋಲಿಗೂ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಗೆ ತೊಡುವ ಕೊಳವೆಯಾಕಾರದ ಬಫ್ ಒಂದಿದ್ದರೆ ಮೂಗು, ಕಿವಿ, ತಲೆ ಎಲ್ಲಕ್ಕೂ ಒದಗುತ್ತದೆ.

ಮೂರನೆಯ ಹೆಜ್ಜೆ: ನಡುವಿನ ಮತ್ತು ಹೊರಗಿನ ಪದರಗಳು

ಥರ್ಮಲ್ ಮೇಲೆ ತೆಳುವಾದ ಫ್ಲೀಸ್ (ತುಪ್ಪಳದಂತೆ ಮೃದುವಾದ ಪಾಲಿಯೆಸ್ಟರ್ ಬಟ್ಟೆಯ ಅಂಗಿ), ಅದರ ಮೇಲೆ ಗಾಳಿ ಮತ್ತು ಹಿಮವನ್ನು ತಡೆಯುವ ಶೆಲ್ ಜಾಕೆಟ್, ನಿಂತಾಗ ಮತ್ತು ಶಿಬಿರದಲ್ಲಿ ಎಲ್ಲದರ ಮೇಲೆ ಹಾಕಿಕೊಳ್ಳಲು ಉಬ್ಬಿದ ಡೌನ್ ಅಥವಾ ಸಿಂಥೆಟಿಕ್ ಜಾಕೆಟ್, ಇದು ಒಪ್ಪಿತ ಕ್ರಮ. ಉಬ್ಬಿದ ಜಾಕೆಟ್ ನಡೆಯುವಾಗ ಹಾಕಲಿಕ್ಕಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಹೊರಡುವಾಗ ಸ್ವಲ್ಪ ಚಳಿಯಾಗುವಷ್ಟೇ ಬಟ್ಟೆ ಇರಬೇಕು. ಹತ್ತು ನಿಮಿಷ ಏರಿದ ಮೇಲೆ ಅದೇ ಸರಿಯೆನಿಸುತ್ತದೆ.

ಶೆಲ್ ಜಾಕೆಟಿನ ಪಟ್ಟಿಯಲ್ಲಿ 10,000 ಅಥವಾ 20,000 ಮಿಲಿಮೀಟರ್ ಎಂದು ಬರೆದಿರುವುದು ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡವನ್ನು ಸೋರದೆ ತಡೆಯಬಲ್ಲದು ಎಂಬ ಅಳತೆ. ಹಿಮಕ್ಕೆ 10,000 ಸಾಕು. ಅದಕ್ಕಿಂತ ಮುಖ್ಯವಾದದ್ದು ಕಂಕುಳಿನ ಅಡಿಯ ಜಿಪ್. ಅದನ್ನು ತೆರೆದರೆ ಬೆವರಿನ ಆವಿ ಹೊರಗೆ ಹೋಗುವಷ್ಟು ಯಾವ ದುಬಾರಿ ಬಟ್ಟೆಯ ಮೂಲಕವೂ ಹೋಗುವುದಿಲ್ಲ. ಮಂಗಳೂರಿನ ಮಳೆಗಾಲಕ್ಕೆ ಕೊಂಡ ಸ್ಕೂಟರ್ ರೈನ್‌ಕೋಟ್ ನೀರನ್ನು ಚೆನ್ನಾಗಿ ತಡೆದರೂ ಆವಿಯನ್ನು ಬಿಡುವುದಿಲ್ಲವಾದ್ದರಿಂದ ಒಳಗೆ ಹಬೆಯೇರಿದ ಇಡ್ಲಿ ಅಟ್ಟದಂತಾಗುತ್ತದೆ, ಅದನ್ನು ಒಯ್ಯಬೇಡಿ.

ಡೌನ್ ಎಂದರೆ ಬಾತುಕೋಳಿಯ ಅಥವಾ ಹಂಸಬಾತಿನ ಎದೆಯ ಮೃದುವಾದ ತುಪ್ಪಳ. ಹಗುರ, ಅತ್ಯಂತ ಬೆಚ್ಚಗಿನದು, ಆದರೆ ಒದ್ದೆಯಾದರೆ ಗಂಟುಕಟ್ಟಿ ನಿಷ್ಪ್ರಯೋಜಕ. ಸಿಂಥೆಟಿಕ್ ತುಸು ಭಾರ, ತುಸು ದೊಡ್ಡ ಗಂಟು, ಆದರೆ ತೇವಕ್ಕೆ ಅಂಜುವುದಿಲ್ಲ. ವರ್ಷದ ಹನ್ನೊಂದೂವರೆ ತಿಂಗಳು ಜಾಕೆಟ್ ನಮ್ಮ ಕರಾವಳಿಯ ಕಪಾಟಿನಲ್ಲಿಯೇ ಇರಬೇಕಾಗಿರುವುದರಿಂದ, ಕೊಳ್ಳುವುದಾದರೆ ಸಿಂಥೆಟಿಕ್ ಕೊಳ್ಳುವುದು ಜಾಣತನವೆಂದು ನನ್ನ ಅಭಿಪ್ರಾಯ. ಡೌನ್ ಬೇಕಿದ್ದವರಿಗೆ ಸಾಂಕ್ರಿಯಂತಹ ತಳಶಿಬಿರದ ಊರುಗಳಲ್ಲಿ ಬಾಡಿಗೆಗೆ ಸಿಗುತ್ತದೆ.

ಪ್ಯಾಂಟಿನ ವಿಷಯದಲ್ಲಿ ಮಾತ್ರ ಪುರುಷರ ಸಣ್ಣ ಅಳತೆಯನ್ನು ಒಪ್ಪಿಕೊಳ್ಳಬೇಡಿ. ಅದು ಹೆಚ್ಚಿನವರಿಗೆ ಸೊಂಟದಲ್ಲಿ ಸಡಿಲವಾಗಿ ಪೃಷ್ಠದಲ್ಲಿ ಬಿಗಿಯುತ್ತದೆ, ಎತ್ತರದ ಹೆಜ್ಜೆ ಇಟ್ಟಾಗ ಹಿಂಬದಿ ಕೆಳಗೆ ಜಾರಿ ಬೆನ್ನಿನೊಳಕ್ಕೆ ಗಾಳಿ ನುಗ್ಗುತ್ತದೆ. ಅಂಗಡಿಯಲ್ಲಿಯೇ ಥರ್ಮಲ್ ಮೇಲೆ ಪ್ಯಾಂಟ್ ಧರಿಸಿ, ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಕುರ್ಚಿಯ ಮೇಲೆ ಕಾಲಿಟ್ಟು ಪರೀಕ್ಷಿಸಿ. ಭುಜಪಟ್ಟಿಯಿರುವ ಬಿಬ್ ಪ್ಯಾಂಟ್ ತುಂಬ ಬೆಚ್ಚಗಿರುತ್ತದೆ, ಆದರೆ ಮೂತ್ರಕ್ಕೆ ಹೋಗಬೇಕಾದಾಗಲೆಲ್ಲ ಮೇಲಿನ ಜಾಕೆಟನ್ನೂ ಕಳಚಬೇಕಾಗುತ್ತದೆ. ಹಿಂಬದಿ ಮಾತ್ರ ಜಿಪ್ಪಿನಿಂದ ತೆರೆದುಕೊಳ್ಳುವ ಮಹಿಳಾ ಮಾದರಿ ಸಿಕ್ಕದಿದ್ದರೆ ಅದರ ಗೊಡವೆ ಬೇಡ.

ನಾಲ್ಕನೆಯ ಹೆಜ್ಜೆ: ಕಾಲು ಮತ್ತು ಕೈ

ಹಣವಿರುವುದು ಸ್ವಲ್ಪವೇ ಆದರೆ ಅದನ್ನೆಲ್ಲ ಇಲ್ಲಿ ಖರ್ಚು ಮಾಡಿ, ಉಳಿದದ್ದನ್ನು ಬಾಡಿಗೆಗೆ ಪಡೆಯಿರಿ. ಚಳಿಯಲ್ಲಿ ದೇಹವು ತನ್ನ ಒಡಲನ್ನು ಬಿಸಿಯಾಗಿಡಲು ಕೈಕಾಲುಗಳಿಗೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತದೆ, ಹೆಂಗಸರಲ್ಲಿ ಇದು ಸಾಮಾನ್ಯವಾಗಿ ಬೇಗನೆ ಆಗುತ್ತದೆ. ಚಳಿಗೆ ಬೆರಳುಗಳು ಬಿಳಿಚಿ, ಆಮೇಲೆ ನೀಲಿಯಾಗಿ ಜೋಮು ಹಿಡಿಯುವ ರೇನಾಡ್ಸ್ ತೊಂದರೆಯೂ ಹೆಂಗಸರಲ್ಲಿಯೇ ಹೆಚ್ಚು. ಫ್ರಿಜ್‌ನಿಂದ ಮಂಜುಗಡ್ಡೆ ತೆಗೆಯುವಾಗಲೇ ನಿಮ್ಮ ಬೆರಳು ಹೀಗಾಗುವುದಾದರೆ ಹೊರಡುವ ಮೊದಲು ವೈದ್ಯರನ್ನು ಕಾಣಿ.

ಬೂಟು ನೀರು ನಿರೋಧಕವಾಗಿರಬೇಕು, ಕಣಕಾಲನ್ನು ಮುಚ್ಚಬೇಕು, ಸ್ನೋಶೂವಿನ ಪಟ್ಟಿ ಬಿಗಿದಾಗ ಮೇಲ್ಭಾಗ ಒತ್ತದಷ್ಟು ಗಡುಸಾಗಿರಬೇಕು. ಮಹಿಳೆಯರ ಬೂಟಿನ ಅಚ್ಚಿನಲ್ಲಿ ಹಿಮ್ಮಡಿ ಕಿರಿದಾಗಿರುತ್ತದೆ. ಇದರಿಂದ ಹಿಮ್ಮಡಿ ಮೇಲೆ ಕೆಳಗೆ ಉಜ್ಜಿ ಬೊಕ್ಕೆ ಏಳುವುದು ತಪ್ಪುತ್ತದೆ. ಆದರೆ ವರ್ಷವಿಡೀ ಚಪ್ಪಲಿಯಲ್ಲಿಯೋ ಬರಿಗಾಲಿನಲ್ಲಿಯೋ ಓಡಾಡುವ ನಮ್ಮೂರಿನ ಅನೇಕರ ಪಾದದ ಮುಂಭಾಗ ಅಗಲವಾಗಿ ಹರಡಿಕೊಂಡಿರುತ್ತದೆ, ಮಹಿಳಾ ಮಾದರಿಯ ಮುಂಭಾಗ ಅಂಥವರಿಗೆ ಬಿಗಿಯಾಗಬಹುದು. ಆಗ ಅಗಲ ಅಚ್ಚಿನ ಮಾದರಿಯನ್ನು ಕೇಳಿ, ಅದಿಲ್ಲದಿದ್ದರೆ ಪುರುಷರದನ್ನೇ ಹಾಕಿ ನೋಡಿ; ಹಿಮ್ಮಡಿ ಅಲುಗಾಡದಿದ್ದರೆ ಅದನ್ನು ಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಕೊಳ್ಳಲು ಸಂಜೆ ಹೊತ್ತು ಹೋಗಿ, ಏಕೆಂದರೆ ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಹಿಮದಲ್ಲಿ ಹಾಕುವ ಉಣ್ಣೆಯ ಕಾಲುಚೀಲವನ್ನು ಒಯ್ದು, ಅದರೊಂದಿಗೇ ಹಾಕಿ ಇಳಿಜಾರಿನಲ್ಲಿ ನಿಂತು ನೋಡಿ. ಬೆರಳು ಮುಂದಕ್ಕೆ ತಾಗಬಾರದು. ಬೂಟಿನೊಳಗೆ ದಪ್ಪನೆಯ ಎರಡು ಮೂರು ಕಾಲುಚೀಲ ತುರುಕಿದರೆ ರಕ್ತಸಂಚಾರ ಕುಂಠಿತವಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ತೆಳುವಾದದ್ದೊಂದು, ಅದರ ಮೇಲೆ ಉಣ್ಣೆಯದೊಂದು, ಅಷ್ಟು ಸಾಕು.

ಕೈಗೆ ಮೂರು ಪದರ: ಜಿಪ್ ಎಳೆಯಲು, ಪಟ್ಟಿ ಬಿಗಿಯಲು ತೆಳುವಾದ ಕೈಗವಸು, ಅದರ ಮೇಲೆ ಫ್ಲೀಸ್, ಹೊರಗೆ ನೀರು ನಿರೋಧಕ ಮಿಟನ್. ಬೆರಳುಗಳೆಲ್ಲ ಒಂದೇ ಗೂಡಿನಲ್ಲಿರುವ ಮಿಟನ್, ಬೆರಳು ಬೇರೆ ಬೇರೆಯಿರುವ ಕೈಗವಸಿಗಿಂತ ಬೆಚ್ಚಗಿರುತ್ತದೆ. ಪುರುಷರ ಅಳತೆಯ ಕೈಗವಸಿನಲ್ಲಿ ಬೆರಳ ತುದಿಗೆ ಖಾಲಿ ಜಾಗ ಉಳಿದು ಹಿಡಿತ ತಪ್ಪುವುದರಿಂದ ಇದನ್ನು ಬಾಡಿಗೆಗೆ ಪಡೆಯದಿರುವುದೇ ಲೇಸು. ಬೆರಳು ಮರಗಟ್ಟಿದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಕಂಕುಳಲ್ಲಿ ಇಟ್ಟು ಮೆಲ್ಲನೆ ಬಿಸಿಮಾಡಿ. ಸ್ಪರ್ಶವೇ ತಿಳಿಯದೆ ಚರ್ಮ ಬಿಳಿಚಿ ಗಟ್ಟಿಯಾಗಿದ್ದರೆ ತಕ್ಷಣ ತಂಡದ ನಾಯಕರಿಗೆ ತಿಳಿಸಿ.

ಐದನೆಯ ಹೆಜ್ಜೆ: ಸ್ನೋಶೂ ಮತ್ತು ಊರುಗೋಲು

ಸ್ನೋಶೂವಿನ ಉದ್ದವನ್ನು ನಿರ್ಧರಿಸುವುದು ನಿಮ್ಮ ಎತ್ತರವಾಗಲಿ ಬೂಟಿನ ಅಳತೆಯಾಗಲಿ ಅಲ್ಲ, ಹಿಮದ ಮೇಲೆ ಬೀಳುವ ಒಟ್ಟು ಭಾರ. 55 ಕಿಲೋ ತೂಕದವರು 10 ಕಿಲೋ ಬೆನ್ನುಚೀಲ ಹೊತ್ತರೆ, ಬೂಟು ಬಟ್ಟೆಗಳ 4 ಕಿಲೋ ಸೇರಿ ಸುಮಾರು 70 ಕಿಲೋ ಆಗುತ್ತದೆ. ಪ್ರತಿ ಮಾದರಿಯ ಮೇಲೆಯೂ ಅದು ತಾಳುವ ಭಾರ ನಮೂದಾಗಿರುತ್ತದೆ. ಮಹಿಳೆಯರಿಗಾಗಿ ಮಾಡಿದ 22 ಇಂಚು ಉದ್ದದವು ಸಾಮಾನ್ಯವಾಗಿ ಈ ಭಾರಕ್ಕೆ ಸಾಕಾಗುತ್ತವೆ. ಹಿಮ ಹಿಟ್ಟಿನಂತೆ ಉದುರುದುರಾಗಿ ಆಳವಾಗಿದ್ದರೆ ಅಥವಾ ಚೀಲ ಇನ್ನೂ ಭಾರವಾಗಿದ್ದರೆ 25 ಇಂಚಿನದನ್ನು ಆರಿಸಿ. ದೊಡ್ಡದಿದ್ದಷ್ಟೂ ಒಳ್ಳೆಯದು ಎಂದುಕೊಳ್ಳಬಾರದು: ಕಾಲಿಗೆ ಕಟ್ಟಿದ ಭಾರ ಬೆನ್ನಿನ ಭಾರಕ್ಕಿಂತ ಹಲವು ಪಟ್ಟು ಹೆಚ್ಚು ದಣಿಸುತ್ತದೆ.

ಮಹಿಳಾ ಮಾದರಿಗಳು ಕಿರಿದಾಗಿ, ಬಾಲದ ಕಡೆಗೆ ಮೊನೆಯಾಗಿರುತ್ತವೆ. ಅಗಲದ ಚೌಕಟ್ಟನ್ನು ಕಟ್ಟಿಕೊಂಡರೆ ಒಂದರ ಅಂಚು ಇನ್ನೊಂದನ್ನು ತುಳಿಯದಿರಲು ಕಾಲು ಅಗಲಿಸಿ ನಡೆಯಬೇಕಾಗುತ್ತದೆ, ಸಂಜೆಯ ಹೊತ್ತಿಗೆ ಸೊಂಟದ ಕೀಲು ನೋಯತೊಡಗುತ್ತದೆ. ಬೆಟ್ಟದ ದಾರಿಗೆ ಮೂರು ಸಂಗತಿಗಳನ್ನು ನೋಡಿ: ಬೆರಳಬುಡದ ಅಡಿಯಲ್ಲಿ ಹರಿತವಾದ ಉಕ್ಕಿನ ಮುಳ್ಳು, ಕಡಿದಾದ ಏರಿನಲ್ಲಿ ಹಿಮ್ಮಡಿಯನ್ನು ಎತ್ತರದಲ್ಲಿ ನಿಲ್ಲಿಸುವ ಮಡಚುವ ಸರಳು, ಕೈಗವಸು ಹಾಕಿಕೊಂಡೇ ಬಿಗಿಯಬಹುದಾದ ಪಟ್ಟಿ. ಮೂರನೆಯದನ್ನು ಪರೀಕ್ಷಿಸಲು ಅಂಗಡಿಗೆ ಮಿಟನ್ ಒಯ್ಯಿರಿ, ಅಂಗಡಿಯವರು ನಕ್ಕರೆ ನಗಲಿ.

ಊರುಗೋಲಿನ ಉದ್ದ ಮೊಣಕೈ ಲಂಬಕೋನದಲ್ಲಿ ನಿಲ್ಲುವಷ್ಟಿರಬೇಕು, ತುದಿಯಲ್ಲಿ ಹಿಮಕ್ಕೆಂದೇ ಮಾಡಿದ ಅಗಲವಾದ ಬಿಲ್ಲೆ ಇರಬೇಕು.

ಆರನೆಯ ಹೆಜ್ಜೆ: ಬೆನ್ನುಚೀಲ ಮತ್ತು ಮಲಗುಚೀಲ

ಬೆನ್ನುಚೀಲವನ್ನು ಲೀಟರ್ ಲೆಕ್ಕದಲ್ಲಿ ಕೊಳ್ಳುವ ಮೊದಲು ಬೆನ್ನಿನ ಉದ್ದವನ್ನು ಅಳೆಯಿರಿ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಎಲುಬಿನ ಮೇಲಂಚಿನ ಮಟ್ಟದವರೆಗೆ ದರ್ಜಿಯ ಟೇಪಿನಿಂದ ಯಾರಾದರೂ ಅಳೆದುಕೊಡಲಿ. ಮಹಿಳಾ ಮಾದರಿಯಲ್ಲಿ ಈ ಉದ್ದ ಕಡಿಮೆ, ಭುಜಪಟ್ಟಿಗಳು ಎದೆಯನ್ನು ಒತ್ತದಂತೆ ಬಾಗಿರುತ್ತವೆ, ಸೊಂಟಪಟ್ಟಿ ಸೊಂಟದ ಇಳಿಜಾರಿಗೆ ತಕ್ಕಂತೆ ಓರೆಯಾಗಿರುತ್ತದೆ. ಭಾರದ ಹೆಚ್ಚಿನ ಪಾಲು ಸೊಂಟಪಟ್ಟಿಯ ಮೇಲೆಯೇ ಕೂರಬೇಕು.

ಮಲಗುಚೀಲದ ಮೇಲಿನ ಎರಡು ಉಷ್ಣತೆಗಳ ಅರ್ಥ ಹೆಚ್ಚಿನವರಿಗೆ ಗೊತ್ತಿಲ್ಲ. ಇಎನ್ 13537 ಮತ್ತು ಅದರ ಬದಲಿಗೆ ಬಂದ ಐಎಸ್‌ಒ 23537 ಮಾನದಂಡಗಳಲ್ಲಿ ‘ಕಂಫರ್ಟ್’ ಎಂಬ ಅಂಕಿಯನ್ನು 60 ಕಿಲೋ ತೂಕದ ಮಹಿಳೆಯೊಬ್ಬಳು ಆರಾಮವಾಗಿ ಮಲಗಬಲ್ಲ ಉಷ್ಣತೆಯಾಗಿ ಇಟ್ಟಿದ್ದಾರೆ. ‘ಲಿಮಿಟ್’ ಎಂಬ ಅಂಕಿ ಪುರುಷನಿಗೆ ಸಂಬಂಧಿಸಿದ್ದು. ಅಂಗಡಿಯವರು ದೊಡ್ಡಕ್ಷರದಲ್ಲಿ ತೋರಿಸುವುದು ಎರಡನೆಯದನ್ನಾದರೆ ಅದನ್ನು ಬದಿಗಿಟ್ಟು ಮೊದಲನೆಯದನ್ನು ಕೇಳಿ. ಚಳಿಗಾಲದ ಶಿಬಿರಕ್ಕೆ ಕಂಫರ್ಟ್ ಅಂಕಿ ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿರಲಿ. ಮಲಗುವಾಗ ಬಿಸಿನೀರಿನ ಬಾಟಲಿಯನ್ನು ಕಾಲುಚೀಲದಲ್ಲಿ ಸುತ್ತಿ ಪಾದದ ಬಳಿ ಇಟ್ಟುಕೊಂಡರೆ ರಾತ್ರಿಗೆ ಬಿಸಿ, ಬೆಳಿಗ್ಗೆಗೆ ಹೆಪ್ಪುಗಟ್ಟದ ನೀರು ಎರಡೂ ದೊರೆಯುತ್ತವೆ.

ಏಳನೆಯ ಹೆಜ್ಜೆ: ಶೌಚ, ಮುಟ್ಟು, ಔಷಧಿ

ಶೌಚಕ್ಕೆ ಹೋಗುವ ಸಂಕೋಚದಿಂದ ನೀರು ಕುಡಿಯುವುದನ್ನು ಕಡಿಮೆ ಮಾಡುವುದು ಹೆಣ್ಣುಮಕ್ಕಳು ಮಾಡಿಕೊಳ್ಳುವ ಅತಿದೊಡ್ಡ ಹಾನಿ. ಚಳಿಯಲ್ಲಿ ಮೂತ್ರ ಹೆಚ್ಚಾಗಿಯೇ ಬರುತ್ತದೆ. ಅದನ್ನು ತಡೆದರೆ ಮೂತ್ರಸೋಂಕು, ನೀರು ಕುಡಿಯದಿದ್ದರೆ ನಿರ್ಜಲೀಕರಣ ಮತ್ತು ತಲೆನೋವು, ಆ ತಲೆನೋವು ಎತ್ತರದ ಕಾಯಿಲೆಯದೋ ಅಲ್ಲವೋ ಎಂಬ ಗೊಂದಲ. ನಿಂತುಕೊಂಡೇ ಮೂತ್ರ ಮಾಡಲು ನೆರವಾಗುವ ಸಿಲಿಕೋನ್ ಫನೆಲ್ ಬಹಳ ಉಪಯುಕ್ತ, ಆದರೆ ಮನೆಯ ಬಚ್ಚಲಿನಲ್ಲಿ, ಪ್ಯಾಂಟ್ ಧರಿಸಿಯೇ, ಹಲವು ಸಲ ಅಭ್ಯಾಸ ಮಾಡಿದ ಮೇಲೆ ಮಾತ್ರ ಒಯ್ಯಿರಿ.

ಎತ್ತರ, ಚಳಿ, ದಣಿವುಗಳಿಂದ ಮುಟ್ಟು ಹಿಂದೆಮುಂದೆ ಆಗಬಹುದು. ದಿನಾಂಕ ಏನೇ ಇದ್ದರೂ ಸಿದ್ಧತೆ ಇರಲಿ. ಮುಟ್ಟಿನ ಕಪ್ ಬಳಸುವ ಅಭ್ಯಾಸವಿದ್ದವರಿಗೆ ಅದೇ ಅನುಕೂಲ, ಏಕೆಂದರೆ ಹೊತ್ತು ತರಬೇಕಾದ ಕಸ ಇರುವುದಿಲ್ಲ. ಅಭ್ಯಾಸವಿಲ್ಲದವರು ಅಲ್ಲಿ ಮೊದಲ ಬಾರಿಗೆ ಪ್ರಯತ್ನಿಸಬಾರದು. ಪ್ಯಾಡ್‌ಗಳನ್ನು ಹಿಮದಲ್ಲಿ ಹೂತರೆ ಬೇಸಿಗೆಯಲ್ಲಿ ಹಾಗೆಯೇ ಮೇಲೆ ಬರುತ್ತವೆ. ಗಾಳಿಯಾಡದ ಚೀಲದಲ್ಲಿ ಹಾಕಿ ಹಿಂದಕ್ಕೆ ತನ್ನಿ. ಒದ್ದೆ ಟಿಶ್ಯೂ ಪೊಟ್ಟಣವನ್ನು ಜಾಕೆಟಿನ ಒಳಜೇಬಿನಲ್ಲಿಡದಿದ್ದರೆ ಅದು ಕಲ್ಲಾಗುತ್ತದೆ.

ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಸೇವಿಸುವವರು ರಕ್ತ ಹೆಪ್ಪುಗಟ್ಟುವ ಅಪಾಯದ ಬಗ್ಗೆ, ಎತ್ತರದ ಕಾಯಿಲೆಗೆ ಅಸಿಟಜೋಲಮೈಡ್ ತೆಗೆದುಕೊಳ್ಳುವವರು ಸಲ್ಫಾ ಅಲರ್ಜಿಯ ಬಗ್ಗೆ ವೈದ್ಯರೊಂದಿಗೆ ಮಾತನಾಡಬೇಕು. ಈ ಎರಡನೆಯ ಮಾತ್ರೆ ಮೂತ್ರವನ್ನು ಇನ್ನೂ ಹೆಚ್ಚಿಸುತ್ತದೆ ಎಂಬುದೂ ತಿಳಿದಿರಲಿ.

ಎಂಟನೆಯ ಹೆಜ್ಜೆ: ಆಭರಣ, ಕೂದಲು, ಬಿಸಿಲು

ಉಂಗುರ, ಬಳೆ, ಕಾಲುಂಗುರಗಳನ್ನು ಮನೆಯಲ್ಲಿಯೇ ಕಳಚಿಡಿ. ಎತ್ತರದಲ್ಲಿ ಬೆರಳುಗಳು ಊದಿಕೊಂಡರೆ ಉಂಗುರ ಬರುವುದಿಲ್ಲ, ಬೂಟಿನೊಳಗಿನ ಕಾಲುಂಗುರ ಪಕ್ಕದ ಬೆರಳನ್ನು ಒತ್ತಿ ರಕ್ತಸಂಚಾರ ತಡೆಯುತ್ತದೆ. ಕರಿಮಣಿಯನ್ನು ಕಳಚಲು ಹಿರಿಯರು ಒಪ್ಪದಿದ್ದರೆ, ಚಿನ್ನದ ಸರದ ಬದಲು ದಾರದಲ್ಲಿ ಪೋಣಿಸಿಕೊಳ್ಳುವುದು ಇಬ್ಬರಿಗೂ ಒಪ್ಪಿಗೆಯಾಗುವ ದಾರಿ. ಕೂದಲನ್ನು ಬಿಗಿಯಾಗಿ ಒಂದು ಜಡೆ ಹೆಣೆದು ಟೋಪಿಯೊಳಗೆ ಸೇರಿಸಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲಿಯೇ ಹೆಪ್ಪುಗಟ್ಟುವುದರಿಂದ ಬಾಟಲಿ ಒಯ್ದು ಪ್ರಯೋಜನವಿಲ್ಲ. ತುಟಿಗೂ ಹಿಮ್ಮಡಿಗೂ ಸಣ್ಣ ಡಬ್ಬಿಯ ವ್ಯಾಸಲೀನ್ ಸಾಕು.

ಹೊಸ ಹಿಮ ಅತಿನೇರಳೆ ಕಿರಣಗಳ ಶೇಕಡಾ 80ರಷ್ಟನ್ನು ಹಿಂದಕ್ಕೆ ಚಿಮ್ಮಿಸಬಲ್ಲದು. ಗಲ್ಲದ ಅಡಿ, ಮೂಗಿನ ಹೊಳ್ಳೆಯ ಅಂಚಿಗೂ ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಹಚ್ಚಿ. ಕನ್ನಡಕ, ಬೆಳಕನ್ನು ತಡೆಯುವ ಪ್ರಮಾಣದ ಲೆಕ್ಕದಲ್ಲಿ, ಮೂರನೆಯ ಅಥವಾ ನಾಲ್ಕನೆಯ ವರ್ಗದ್ದಾಗಿ, ಪಕ್ಕದಿಂದಲೂ ಬೆಳಕು ಬಾರದಂತಿರಬೇಕು. ಮಲ್ಪೆ ಬೀಚಿನಲ್ಲಿ ಕೊಂಡ ಕಪ್ಪು ಕನ್ನಡಕ ಹಿಮಕುರುಡನ್ನು ತಡೆಯುವುದಿಲ್ಲ.

ಒಂಬತ್ತನೆಯ ಹೆಜ್ಜೆ: ಹಿಮಕುಸಿತದ ಸಲಕರಣೆ

ತುಳಿಯದ ಹಿಮದಲ್ಲಿ ನಡೆಯುವ ತಂಡದ ಪ್ರತಿಯೊಬ್ಬರ ಬಳಿಯೂ ಹೂತವರಿರುವ ಜಾಗವನ್ನು ರೇಡಿಯೋ ಸಂಕೇತದಿಂದ ತಿಳಿಸುವ ಟ್ರಾನ್ಸೀವರ್, ಹಿಮದ ಆಳ ಚುಚ್ಚಿ ನೋಡುವ ಪ್ರೋಬ್, ಸಲಿಕೆ ಇರಬೇಕು. ಟ್ರಾನ್ಸೀವರನ್ನು ಥರ್ಮಲ್ ಮೇಲೆಯೇ ಪಟ್ಟಿಯಿಂದ ಕಟ್ಟಿಕೊಳ್ಳಬೇಕು, ಮೊಬೈಲನ್ನು ಅದರಿಂದ ಕನಿಷ್ಠ 20 ಸೆಂಟಿಮೀಟರ್ ದೂರ ಇಡಬೇಕು. ಹೂತವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷಗಳ ಬಳಿಕ ವೇಗವಾಗಿ ಕುಸಿಯುವುದರಿಂದ ಹುಡುಕುವವರು ಜೊತೆಗಾರರೇ ಆಗಿರಬೇಕಾಗುತ್ತದೆ. ಹೆಚ್ಚಿನ ಹಿಮಕುಸಿತಗಳು ಆಗುವುದು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಧೀನದ ಡಿಜಿಆರ್‌ಇ ಎಂಬ ಸಂಸ್ಥೆ ಹಿಮಾಲಯದ ಪ್ರದೇಶಗಳಿಗೆ ಹಿಮಕುಸಿತದ ಮುನ್ಸೂಚನೆ ನೀಡುತ್ತದೆ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡದ 25ಕ್ಕೂ ಹೆಚ್ಚು ಮಂದಿ ಹಿಮಕುಸಿತಕ್ಕೆ ಸಿಲುಕಿ ಮೃತಪಟ್ಟರು. ನುರಿತವರ ನಡುವೆಯೇ ಇದು ಸಂಭವಿಸಿತು. ಈ ಸಲಕರಣೆಗಳ ಬಳಕೆಯನ್ನು ಕಲಿಯದವರು ತುಳಿದ ದಾರಿಯಲ್ಲಿಯೇ ನಡೆಯಬೇಕು.

ಹತ್ತನೆಯ ಹೆಜ್ಜೆ: ಊರಿನಲ್ಲಿಯೇ ಪರೀಕ್ಷೆ, ಆಮೇಲೆ ಜೋಪಾನ

ಶೆಲ್ ಜಾಕೆಟನ್ನು ಪರೀಕ್ಷಿಸಲು ನಮ್ಮ ಜುಲೈ ತಿಂಗಳಿಗಿಂತ ಕಠಿಣವಾದ ಪ್ರಯೋಗಶಾಲೆ ಬೇರಿಲ್ಲ: ಅರ್ಧ ಗಂಟೆ ಮಳೆಯಲ್ಲಿ ಬಿರುಸಾಗಿ ನಡೆದು ಬಂದು ಭುಜದ ಹೊಲಿಗೆ, ಜಿಪ್ಪಿನ ಒಳಬದಿಗಳನ್ನು ಮುಟ್ಟಿ ನೋಡಿ. ಬೂಟನ್ನು ಮಳೆ ನಿಂತ ಮೇಲೆ ಅನುಮತಿ ಪಡೆದು ಕುಮಾರಪರ್ವತಕ್ಕೋ ಗಡಾಯಿಕಲ್ಲಿಗೋ ಹಾಕಿಕೊಂಡು ಹೋಗಿ ಹದಗೊಳಿಸಿ. 1,712 ಮೀಟರ್ ಎತ್ತರದ ಕುಮಾರಪರ್ವತವನ್ನು ಕುಕ್ಕೆಯಿಂದ ಏರಿಳಿದು ಕಾಲು ಉಜ್ಜದ ಬೂಟು ಹಿಮದಲ್ಲಿಯೂ ನಂಬಿಕೆಗೆ ಯೋಗ್ಯ. ಪಣಂಬೂರು, ತಣ್ಣೀರುಬಾವಿಗಳ ಒಣ ಮರಳಿನಲ್ಲಿ ನಡೆದರೆ ಸೊಂಟದ ಮತ್ತು ಮೀನಖಂಡದ ಸ್ನಾಯುಗಳು ಹೂಳುವ ನೆಲಕ್ಕೆ ಒಗ್ಗುತ್ತವೆ, ಆದರೆ ಸ್ನೋಶೂವನ್ನು ಅಲ್ಲಿ ಕಟ್ಟಬೇಡಿ. ಮರಳು ಮುಳ್ಳುಗಳನ್ನು ಸವೆಸುತ್ತದೆ, ಉಪ್ಪು ತುಕ್ಕು ಹಿಡಿಸುತ್ತದೆ.

ವಿಮಾನದಲ್ಲಿ ಹೋಗುವವರು ಬೂಟನ್ನು ಕಾಲಿಗೆ ಹಾಕಿಕೊಳ್ಳಿ, ಊರುಗೋಲು ಮತ್ತು ಮೈಕ್ರೋಸ್ಪೈಕ್‌ಗಳನ್ನು ಚೆಕ್‌ಇನ್ ಚೀಲದಲ್ಲಿ, ಪವರ್‌ಬ್ಯಾಂಕನ್ನು ಕೈಚೀಲದಲ್ಲಿ ಇಡಿ. ಮಂಗಳೂರು ಜಂಕ್ಷನ್, ಉಡುಪಿಗಳ ಮೂಲಕ ನಿಜಾಮುದ್ದೀನ್‌ಗೆ ಹೋಗುವ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಭಾರದ ಚಿಂತೆ ಕಡಿಮೆ.

ಹಿಂದಿರುಗಿದ ಮೇಲೆ ಎಲ್ಲವನ್ನೂ ನೆರಳಿನಲ್ಲಿ ಪೂರ್ತಿ ಒಣಗಿಸಿ, ಮಲಗುಚೀಲ ಮತ್ತು ಡೌನ್ ಜಾಕೆಟನ್ನು ಒತ್ತಿ ತುಂಬದೆ ದೊಡ್ಡ ಬಟ್ಟೆಯ ಚೀಲದಲ್ಲಿ ಸಡಿಲವಾಗಿಡಿ. ಉಣ್ಣೆಯ ಬಟ್ಟೆಗಳ ಜೊತೆ ನುಸಿಗುಳಿಗೆ, ಬೂಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಆಟಿ ತಿಂಗಳಿನಲ್ಲಿ ಒಮ್ಮೆ ಕಪಾಟು ತೆರೆದು ಬೂಸ್ಟು ಬಂದಿದೆಯೇ ಎಂದು ನೋಡಿ. ಬೂಟಿನ ಅಟ್ಟೆಯ ನಡುವಿನ ಪಾಲಿಯುರಿಥೇನ್ ಪದರ ಮತ್ತು ಜಾಕೆಟ್, ಚೀಲಗಳ ಒಳಲೇಪ ತೇವದ ಗಾಳಿಯಲ್ಲಿ ಬಳಸದೆ ಇದ್ದರೂ ಕೆಲವು ವರ್ಷಗಳಲ್ಲಿ ಶಿಥಿಲವಾಗುತ್ತವೆ. ಎರಡು ಮೂರು ವರ್ಷ ಕಪಾಟಿನಲ್ಲಿದ್ದ ಬೂಟನ್ನು ಮತ್ತೆ ಒಯ್ಯುವ ಮೊದಲು ಅಟ್ಟೆಯನ್ನು ಎರಡೂ ಕೈಯಿಂದ ಬಾಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿ. ಪುಡಿ ಉದುರಿದರೆ ಅಥವಾ ಬಿರುಕು ಕಂಡರೆ ಅದನ್ನು ಬಿಟ್ಟು ಹೊಸದನ್ನು ಕೊಳ್ಳಿ.